ಹಚ್ಚದ ಮೇಣದಬತ್ತಿಗಳು: ಆತ್ಮದ ರಕ್ಷಣೆಯ ಬಗ್ಗೆ ಹೆದರಿದ್ದ ಒಬ್ಬ ತಾಯಿಯ ಪ್ರಕರಣ

ಇದನ್ನು ಬರೆಯಲು ಆ ಮನೆಯವರ ಒಪ್ಪಿಗೆ ಇದೆ. ಹೆಸರು, ಊರು, ಧರ್ಮಕೇಂದ್ರ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಗುರುಗಳ ಮುಂದೆ ಗುಟ್ಟಾಗಿ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ ಏನು ನಡೆಯಿತೋ ನನಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಆ ಮನೆಯ ಅಮ್ಮ ತಾವಾಗಿ ನನಗೆ ಹೇಳಿದ್ದು, ಮಕ್ಕಳು ಹೇಳಿದ್ದು, ನಾನು ಕಣ್ಣಾರೆ ಕಂಡಿದ್ದು ಮಾತ್ರ ಇಲ್ಲಿದೆ.

ನಾನು ನಿವೃತ್ತ ಪ್ರೈಮರಿ ಸ್ಕೂಲ್ ಟೀಚರ್. ಚರ್ಚಿಗೆ ಬರಲಾಗದ ವಯಸ್ಸಾದವರಿಗೆ ತಿಂಗಳ ಮೊದಲ ಶುಕ್ರವಾರ ಮನೆಗೇ ಸತ್ಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರ ಮಾಡಿದ ರೊಟ್ಟಿ, ತೆಗೆದುಕೊಂಡು ಹೋಗುತ್ತೇನೆ. ಚರ್ಚಿನ ಗುರುವೂ ಅಲ್ಲ, ವೈದ್ಯೆಯೂ ಅಲ್ಲ. ಆದರೆ ಇಂಥ ಮನೆಗಳಿಗೆ ಹೋಗುವವರು ನನ್ನ ಹಾಗೆ ಎಷ್ಟೋ ಜನ ಇದ್ದಾರೆ. ತಾಯಿಯೋ ತಂದೆಯೋ "ನನಗೆ ಮೋಕ್ಷ ಸಿಗುತ್ತಾ" ಅಂತ ಕೇಳಿದಾಗ ಏನು ಹೇಳಬೇಕು ಅಂತ ತಿಳಿಯದ ಮಕ್ಕಳು ಅದಕ್ಕಿಂತ ಜಾಸ್ತಿ ಇದ್ದಾರೆ. ನಾನು ಎಲ್ಲಿ ಎಡವಿದೆ ಅನ್ನುವುದು ಅವರಿಗೆ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಮನೆ, ಮನೆಯವರು

ಅಮ್ಮನಿಗೆ ಆಗ 73. ಹಳೇ ಮೈಸೂರಿನ ಕಡೆಯ ಒಂದು ಕನ್ನಡ ಕ್ರೈಸ್ತರ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ರಾಗಿ ಹೊಲ, ರೇಷ್ಮೆ ಹುಳು, ಬೆಳಿಗ್ಗೆ ಸಂಜೆ ಚರ್ಚಿನ ಗಂಟೆ. ಶಾಲೆಗೆ ಹೋಗಿದ್ದು ನಾಲ್ಕನೇ ಕ್ಲಾಸಿನವರೆಗೆ. ಆದರೆ ಊರಿನ ಉಪದೇಶಿ ಬಾಯಿಪಾಠ ಮಾಡಿಸಿದ್ದ ಧರ್ಮೋಪದೇಶದ ಪ್ರಶ್ನೋತ್ತರಗಳು ಇವತ್ತಿಗೂ ಒಂದಕ್ಷರ ತಪ್ಪದೆ ಬರುತ್ತವೆ. ಪ್ರಶ್ನೆಯ ಮೊದಲ ಎರಡು ಪದ ಹೇಳಿದರೆ ಸಾಕು, ಉತ್ತರ ಮುಗಿಸಿಬಿಡುತ್ತಾರೆ. ಹತ್ತೊಂಬತ್ತಕ್ಕೆ ಮದುವೆ. ಮೂವರು ಮಕ್ಕಳು. ಈಗ ಬೆಂಗಳೂರಿನ ಹೊರವಲಯದಲ್ಲಿ ದೊಡ್ಡ ಮಗನ ಜೊತೆ ಇದ್ದಾರೆ. ಗಂಡ ತೀರಿಕೊಂಡು ಆಗ ಎರಡು ವರ್ಷ ಆಗಿತ್ತು.

ಮಗಳು ಮದುವೆಯಾದ ಮೇಲೆ ಕಥೊಲಿಕರದ್ದಲ್ಲದ ಬೇರೊಂದು ಪ್ರಾರ್ಥನಾ ಸಭೆಗೆ ಹೋಗಲು ಶುರು ಮಾಡಿದ್ದಳು. ಒಳ್ಳೆಯ ಹುಡುಗಿ, ತಾಯಿಯ ಮೇಲೆ ಪ್ರಾಣ. ಅಪ್ಪ ಹೋದ ಮೇಲೆ ಒಂದು ಸಲ ಮನೆಗೆ ಬಂದಾಗ ಅಮ್ಮನ ಕೈ ಹಿಡಿದು ಕೇಳಿದಳಂತೆ: "ಅಮ್ಮಾ, ಇವತ್ತು ರಾತ್ರಿ ನೀನು ಸತ್ತರೆ ಎಲ್ಲಿಗೆ ಹೋಗ್ತೀಯ? ನಿನಗೆ ಖಾತ್ರಿ ಇದೆಯಾ?"

ಅಮ್ಮ ಹೇಳಿದ್ದು, "ನನಗೇನು ಗೊತ್ತು ಮಗಾ? ಅದು ದೇವರಿಗೆ ಗೊತ್ತು."

ಕಥೊಲಿಕರ ಲೆಕ್ಕದಲ್ಲಿ ಇದು ಸರಿಯಾದ ಉತ್ತರ. 1547ರಲ್ಲಿ ಕಥೊಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆ ಇದನ್ನೇ ಹೇಳಿತ್ತು: ದೇವರ ಕರುಣೆಯ ಮೇಲೆ ಯಾರೂ ಅನುಮಾನ ಪಡಬಾರದು, ಆದರೆ ತನಗೆ ವರಪ್ರಸಾದ, ಅಂದರೆ ದೇವರ ಕೃಪೆ, ಇದೆ ಅಂತ ತಪ್ಪೇ ಆಗದ ಖಾತ್ರಿಯಿಂದ ಯಾರೂ ಹೇಳಲಾರರು. ಅಮ್ಮನಿಗೆ ಟ್ರೆಂಟ್ ಗೊತ್ತಿಲ್ಲ, ಉಪದೇಶಿ ಕಲಿಸಿದ್ದು ಗೊತ್ತು. ಆದರೆ ಮಗಳ ಮುಖ ಬಾಡಿದ್ದನ್ನು ನೋಡಿ, ತಾನು ಹೇಳಬಾರದ್ದನ್ನು ಹೇಳಿದೆ ಅಂತ ಅವರಿಗೆ ಅನ್ನಿಸಿತು. ಅವತ್ತು ರಾತ್ರಿಯಿಂದ ನಿದ್ದೆ ಹೋಯಿತು.

ಏನಾಗುತ್ತಿತ್ತು

ಮಂಡಿ ಆಪರೇಷನ್ ಆದ ಮೇಲೆ ನಾನು ಆ ಮನೆಗೆ ಹೋಗಲು ಶುರು ಮಾಡಿದೆ. ಎರಡು ತಿಂಗಳು ಎಲ್ಲ ಸರಿಯಿತ್ತು. ಮೂರನೇ ಸಲ ನಾನು ಸತ್ಪ್ರಸಾದ ಎತ್ತಿ ಹಿಡಿದಾಗ ಅಮ್ಮ ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಕಟ್ಟಿ ತಲೆ ಆಡಿಸಿದರು. ತೆಗೆದುಕೊಳ್ಳಲಿಲ್ಲ. ನಾನು ಬಲವಂತ ಮಾಡಲಿಲ್ಲ. ಜೊತೆಗೆ ಒಂದು ಪ್ರಾರ್ಥನೆ ಹೇಳಿ ಬಂದೆ. ಅವತ್ತು ಸಂಜೆಯೇ ದೊಡ್ಡ ಮಗ ಫೋನ್ ಮಾಡಿದರು.

ಆಗ ಗೊತ್ತಾಯಿತು. ಆಪರೇಷನ್ನಿಗೆ ಮುಂಚೆ ಅಮ್ಮ ವಾರಕ್ಕೆ ಎರಡು ಮೂರು ಸಲ ಪಾಪನಿವೇದನೆಗೆ ಹೋಗುತ್ತಿದ್ದರು. ಒಂದೇ ಚರ್ಚಿಗೆ ಹೋದರೆ ಸ್ವಾಮಿಯವರಿಗೆ ಗೊತ್ತಾಗುತ್ತದೆ ಅಂತ ಆಟೋ ಹಿಡಿದು ಮೂರು ಬೇರೆ ಬೇರೆ ಚರ್ಚಿಗೆ. ಬಂದ ಮೇಲೆ ಅರ್ಧ ದಿನ ಹಗುರವಾಗಿರುತ್ತಿದ್ದರು. ಆಮೇಲೆ ಮತ್ತೆ ಶುರು: ಸರಿಯಾಗಿ ಹೇಳಿದೆನಾ, ಒಂದು ಬಿಟ್ಟೆನಾ, ಪಶ್ಚಾತ್ತಾಪ ಸಾಕಾಯಿತಾ? ಜಪಮಾಲೆ ಹೇಳುವಾಗ ಮನಸ್ಸು ಎಲ್ಲಿಗೋ ಹೋಯಿತು ಅಂತ ಮೊದಲಿಂದ ಹೇಳುವುದು. ಊಟ ಕಮ್ಮಿಯಾಗಿ ಏಳು ಕೆಜಿ ಇಳಿದಿದ್ದರು.

ಇದಕ್ಕೆ ಚರ್ಚಿನಲ್ಲಿ ಹಳೆಯ ಹೆಸರಿದೆ. ಲ್ಯಾಟಿನ್ನಿನಲ್ಲಿ ಸ್ಕ್ರೂಪುಲುಸ್ ಅಂದರೆ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸಿಕ್ಕಿಕೊಂಡ ಕಲ್ಲಿನ ಹಾಗೆ ಹೆಜ್ಜೆ ಹೆಜ್ಜೆಗೂ ಚುಚ್ಚುವ ಮನಸ್ಸಾಕ್ಷಿ. ಯೇಸುಸಭೆ ಕಟ್ಟಿದ ಲೊಯೋಲದ ಸಂತ ಇಗ್ನಾಸಿಯವರಿಗೂ 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿ ಇದೇ ಆಗಿತ್ತು. ಹಳೆಯ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿ, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ಕೊನೆಗೆ, ಆಗಿಹೋದದ್ದನ್ನು ಇನ್ನು ಮತ್ತೆ ಹೇಳುವುದಿಲ್ಲ ಅಂತ ತೀರ್ಮಾನಿಸಿ ಆಚೆ ಬಂದರು. ಈ ಕಥೆ ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಅಮ್ಮನ ಕಾಯಿಲೆ ಏನೆಂದು ನನಗೆ ಅರ್ಥವಾಯಿತು ಅಂತ ಆತುರದಲ್ಲಿ ಅಂದುಕೊಂಡೆ.

ಮಾಡಿ ನೋಡಿದ್ದು

ಮನೆಯವರು ಸಮಾಧಾನ ಹೇಳುತ್ತಿದ್ದರು. "ನಿನ್ನಂಥವಳು ಸ್ವರ್ಗಕ್ಕೆ ಹೋಗದೆ ಇನ್ಯಾರು ಹೋಗ್ತಾರಮ್ಮಾ?" ದಿನಕ್ಕೆ ಹತ್ತು ಸಲ. ಅಮ್ಮನದು ಒಂದೇ ಮಾತು: "ನಿಮಗೆ ಗೊತ್ತಿಲ್ಲ ಬಿಡ್ರಪ್ಪಾ." ನಾವೆಲ್ಲ ಅದನ್ನು ವಿನಯ ಅಂದುಕೊಂಡೆವು. ಅವರು ಹೇಳಿದ್ದು ಅಕ್ಷರಶಃ ನಿಜ ಅಂತ ಆಗ ಹೊಳೆಯಲಿಲ್ಲ. ನಮಗೆ ಏನೋ ಒಂದು ಗೊತ್ತಿರಲಿಲ್ಲ.

ನನ್ನ ಮೊದಲ ತಪ್ಪು ಒಂದು ಭಾನುವಾರ ಆಯಿತು. ಮಗಳೂ ಬಂದಿದ್ದಳು. ನಾನು ಬೈಬಲ್ ತೆಗೆದುಕೊಂಡು ಹೋಗಿದ್ದೆ. ಮಗಳು ಒಂದು ವಾಕ್ಯ ತೋರಿಸಿದರೆ ನಾನು ಇನ್ನೊಂದು ತೋರಿಸಿದೆ. ವಿಶ್ವಾಸ ಇಟ್ಟರೆ ಆಯಿತು, ಖಾತ್ರಿ ಸಿಕ್ಕಿತು ಅಂತ ಅವಳು. ಖಾತ್ರಿಗಿಂತ ಭರವಸೆ ದೊಡ್ಡದು ಅಂತ ನಾನು. ಮುಕ್ಕಾಲು ಗಂಟೆ ವಾದ ಆಯಿತು. ನಡುವೆ ಅಮ್ಮ ಎದ್ದು ವಾಕರ್ ಹಿಡಿದು ಅಡುಗೆಮನೆಗೆ ಹೋದರು. ನೋಡಿದರೆ, ತೊಳೆದು ಬೋರಲು ಹಾಕಿದ್ದ ಲೋಟಗಳನ್ನು ಒಂದೊಂದಾಗಿ ಎತ್ತಿ ಮತ್ತೆ ತೊಳೆಯುತ್ತಿದ್ದರು. ಯಾರ ರಕ್ಷಣೆಗಾಗಿ ನಾವಿಬ್ಬರೂ ಜಗಳ ಆಡುತ್ತಿದ್ದೆವೋ ಅವರೇ ಕೋಣೆಯಲ್ಲಿರಲಿಲ್ಲ. ಮಗಳೂ ನಾನೂ ಅದನ್ನು ಒಟ್ಟಿಗೇ ನೋಡಿದೆವು. ಅವತ್ತಿನಿಂದ ನಾವು ವಾದ ಮಾಡಲಿಲ್ಲ. ಅವಳು ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಯಾರೂ ಹೇಳದೆ ಅವಳೇ ತೆಗೆದುಕೊಂಡ ತೀರ್ಮಾನ ಅದು. ಅವಳ ಬಗ್ಗೆ ನನಗೆ ಅವತ್ತಿನಿಂದ ಗೌರವ ಜಾಸ್ತಿಯಾಯಿತು.

ಆಮೇಲೆ ಎರಡು ಕೆಲಸ ಸರಿಯಾಗಿ ಮಾಡಿದೆವು. ಒಂದು, ಮಗ ಅಮ್ಮನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅಮ್ಮ ಮೊದಲು ಒಪ್ಪಲಿಲ್ಲ, "ನನಗೆ ಹುಚ್ಚಾ?" ಅಂದರು. ನಿದ್ದೆಗೆ ಅಂತ ಹೇಳಿ ಒಪ್ಪಿಸಿದರು. ಅರ್ಧ ನಿಜ, ಆದರೂ ಪೂರ್ತಿ ಹೇಳಬೇಕಿತ್ತು. ಗೀಳು ಕಾಯಿಲೆಯ ಲಕ್ಷಣ ಇದೆ, ಜೊತೆಗೆ ದುಃಖದ ಖಿನ್ನತೆಯೂ ಇದೆ ಅಂತ ವೈದ್ಯರು ಮಾತ್ರೆ ಶುರು ಮಾಡಿದರು. ಅವರೇ ಹೇಳಿದ ಇನ್ನೊಂದು ಮಾತು: ಸಮಾಧಾನವನ್ನು ಪದೇ ಪದೇ ಕೊಡಬೇಡಿ, ಕೊಟ್ಟಷ್ಟೂ ಕೇಳುವುದು ಹೆಚ್ಚುತ್ತದೆ.

ಎರಡು, ನಮ್ಮ ಧರ್ಮಕೇಂದ್ರದ ಫಾದರ್ ಜೊತೆ ಮಾತಾಡಿದೆ. ಅವರೂ ಬೇರೆ ದಾರಿಯಿಂದ ಅದೇ ಜಾಗಕ್ಕೆ ಬಂದರು. ಇನ್ನು ಮುಂದೆ ಒಬ್ಬರೇ ಗುರುಗಳ ಹತ್ತಿರ, ತಿಂಗಳಿಗೆ ಒಂದೇ ಸಲ ಪಾಪನಿವೇದನೆ. ಹಿಂದೆ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ಅನುಮಾನ ಬಂದರೆ ಅದನ್ನು ಪಾಪ ಅಂತ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅಮ್ಮ ಕೇಳಿದಾಗ ಮನೆಯವರು ಒಂದೇ ಉತ್ತರ ಕೊಡಬೇಕು: "ಇದನ್ನು ಫಾದರಿಗೆ ಒಪ್ಪಿಸಿದೀವಿ ಅಲ್ವಾಮ್ಮಾ." ಅಷ್ಟೇ, ವಾದ ಇಲ್ಲ.

ಎರಡು ತಿಂಗಳಲ್ಲಿ ನಿದ್ದೆ ಬಂತು, ಊಟ ಸುಧಾರಿಸಿತು. ಆದರೆ ಸತ್ಪ್ರಸಾದ ಮಾತ್ರ ತೆಗೆದುಕೊಳ್ಳಲಿಲ್ಲ. ಪ್ರತಿ ಶುಕ್ರವಾರ ಅದೇ ಕೈ, ಎದೆಯ ಮೇಲೆ ಅಡ್ಡ.

ನಾನು ಕೈಬಿಟ್ಟ ಸುಳಿವುಗಳು

ಈಗ ಹಿಂದಿರುಗಿ ನೋಡಿದರೆ ಸುಳಿವು ಕಣ್ಣ ಮುಂದೆಯೇ ಇತ್ತು. ಚರ್ಚಿನಲ್ಲಿ ಯಾವುದೇ ಮಗುವಿನ ಜ್ಞಾನಸ್ನಾನ, ಅಂದರೆ ತಲೆಗೆ ನೀರು ಹೊಯ್ದು ಧರ್ಮಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ, ಆಗಿದ್ದು ತಿಳಿದರೂ ಅಮ್ಮ ನನ್ನನ್ನು ಕೇಳುತ್ತಿದ್ದರು: "ನೀರು ತಲೆ ಮೇಲೆ ಸರಿಯಾಗಿ ಬಿತ್ತಾ ಟೀಚರಮ್ಮಾ? ನೀವು ನೋಡಿದ್ರಾ?" ಇದೂ ಗೀಳಿನ ಒಂದು ತುಣುಕು ಅಂದುಕೊಂಡು "ಬಿತ್ತಮ್ಮಾ" ಅಂತ ಸುಮ್ನೆ ಮುಂದೆ ಹೋಗುತ್ತಿದ್ದೆ. ಮತ್ತೊಂದು ಸಲ ಮಗ ಮಾತಿನ ನಡುವೆ ಹೇಳಿದ್ದರು. ತೀರಿಕೊಂಡವರನ್ನು ನೆನೆಯುವ ದಿನವಾದ ನವೆಂಬರ್ 2ಕ್ಕೆ ಊರಿನ ಸಮಾಧಿಗಳಿಗೆ ಹೋಗುವಾಗ ಅಮ್ಮ ಯಾವಾಗಲೂ ಒಂದು ಮೇಣದಬತ್ತಿ ಜಾಸ್ತಿ ತಗೋತಾರೆ, ಅದನ್ನು ಹಚ್ಚದೆ ವಾಪಸ್ ತರ್ತಾರೆ, ಯಾಕೋ ಗೊತ್ತಿಲ್ಲ ಅಂತ. ಅದನ್ನೂ ಕೇಳಿ ಮರೆತೆ. ರೋಗಕ್ಕೆ ಒಂದು ಹೆಸರು ಸಿಕ್ಕಿದ ಮೇಲೆ ಮನುಷ್ಯರನ್ನು ಕೇಳಿಸಿಕೊಳ್ಳುವುದನ್ನು ನಾನು ನಿಲ್ಲಿಸಿಬಿಟ್ಟಿದ್ದೆ.

ಸೆಪ್ಟೆಂಬರಿನ ಶುಕ್ರವಾರ. ಸತ್ಪ್ರಸಾದ ತಂದಾಗ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟು, ಮೇಣದಬತ್ತಿ ಹಚ್ಚುವುದು ಪದ್ಧತಿ. ಅವತ್ತು ಬತ್ತಿ ಮುಗಿದಿತ್ತು. ಸೊಸೆ ಅಂಗಡಿಗೆ ಹೊರಟಳು. ನಾನು ಗೋಡೆಯ ಪೀಠದ ಕೆಳಗಿನ ಡ್ರಾಯರ್ ಎಳೆದೆ. ಒಳಗೆ ದಾರ ಕಟ್ಟಿದ ಒಂದು ದೊಡ್ಡ ಕಟ್ಟು. ಎಲ್ಲ ಹೊಸವೇ, ಒಂದಕ್ಕೂ ಬೆಂಕಿ ತಾಗಿಲ್ಲ. ಆದರೆ ಕೆಲವು ಹಳದಿ ತಿರುಗಿದ್ದವು, ಬೇಸಿಗೆಯ ಸೆಕೆಗೆ ಬಗ್ಗಿದ್ದವು.

"ಇದರಲ್ಲೇ ಒಂದು ಹಚ್ಚಲಾಮ್ಮಾ?"

"ಬೇಡ. ಅದು ಅವನದು."

ಈ ಸಲ ನಾನು ಮುಂದೆ ಹೋಗಲಿಲ್ಲ. ಡ್ರಾಯರ್ ಮುಚ್ಚಿ ಅವರ ಪಕ್ಕ ಕೂತೆ. ಯಾರದಮ್ಮಾ ಅಂತ ಕೇಳಿದೆ.

1971ರ ಮಳೆಗಾಲ. ಚೊಚ್ಚಲ ಬಸಿರು, ಏಳನೇ ತಿಂಗಳಿಗೇ ನೋವು ಬಂತು. ಗಂಡ ಸ್ವಾಮಿಯವರನ್ನು ಕರೆಯಲು ಮಳೆಯಲ್ಲೇ ಪಕ್ಕದ ಊರಿಗೆ ಓಡಿದರು. ಸೂಲಗಿತ್ತಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಮಲಗಿಸಿದಳು. ಗಂಡು. ಒಂದು ಗಂಟೆ ಉಸಿರಾಡಿತು. ಮಂಚದ ಹತ್ತಿರ ಹಿತ್ತಾಳೆ ಚೊಂಬಿನಲ್ಲಿ ನೀರಿತ್ತು. ಪ್ರಾಣಾಪಾಯ ಇದ್ದರೆ ಯಾರು ಬೇಕಾದರೂ ತಲೆಗೆ ನೀರು ಹೊಯ್ದು, ಪಿತ ಸುತ ಪವಿತ್ರಾತ್ಮರ ಹೆಸರಿನಲ್ಲಿ ಜ್ಞಾನಸ್ನಾನ ಕೊಡಬಹುದು ಅಂತ ಅವರಿಗೆ ಗೊತ್ತಿತ್ತು. ಉಪದೇಶಿ ಬಾಯಿಪಾಠ ಮಾಡಿಸಿದ್ದರಲ್ಲ.

"ನನಗೆ ಬಾಯಾರಿಕೆ ಆಗಿತ್ತು ಟೀಚರಮ್ಮಾ. ಚೊಂಬು ಎತ್ತಿ ಆ ನೀರನ್ನು ನಾನು ಕುಡಿದೆ."

ಸ್ವಾಮಿಯವರು ಬರುವಷ್ಟರಲ್ಲಿ ಮಗು ಇರಲಿಲ್ಲ. ಜ್ಞಾನಸ್ನಾನ ಇಲ್ಲದೆ ಸತ್ತವರಿಗೆ ಚರ್ಚಿನ ಸಮಾಧಿ ಇಲ್ಲ ಅನ್ನುವುದು 1917ರ ಧರ್ಮಸಭೆಯ ಕಾನೂನು. 1983ರಲ್ಲಿ ಹೊಸ ಕಾನೂನು ಬರುವವರೆಗೆ ಪುಸ್ತಕದಲ್ಲಿದ್ದದ್ದು ಅದೇ. ಮಾವ ಮಗುವನ್ನು ಸಮಾಧಿಯ ಕಳ್ಳಿಬೇಲಿಯ ಹೊರಗೆ ಮಣ್ಣು ಮಾಡಿ ಬಂದರು. ಗುರುತಿಗೆ ಒಂದು ಕಲ್ಲನ್ನೂ ಇಡಲಿಲ್ಲ. ಆಮೇಲೆ ಪಾಪನಿವೇದನೆಗೆ ಹೋದಾಗ ಒಬ್ಬ ಗುರುಗಳು "ಗೊತ್ತಿದ್ದೂ ಯಾಕೆ ಹೊಯ್ಯಲಿಲ್ಲ" ಅಂತ ಕೇಳಿದರಂತೆ. ಆ ಮಾತನ್ನು ಅಮ್ಮ ಐವತ್ತು ವರ್ಷದಿಂದ ಹೊತ್ತುಕೊಂಡಿದ್ದರು. ಮಕ್ಕಳಿಗೆ ಯಾರಿಗೂ ಹೇಳಿರಲಿಲ್ಲ. ಗೊತ್ತಿದ್ದವರು ಗಂಡ ಒಬ್ಬರೇ. ವರ್ಷಕ್ಕೊಂದು ಸಲ, ಆ ದಿನ, ಇಬ್ಬರೂ ಏನೂ ಮಾತಾಡದೆ ಜೊತೆಗೆ ಕೂರುತ್ತಿದ್ದರಂತೆ. ಈಗ ಅವರೂ ಇಲ್ಲ.

ನಾನು ಅವರ ಕೈ ಹಿಡಿದುಕೊಂಡಿದ್ದೆ. ಅವರು ಮೆಲ್ಲಗೆ ಕೇಳಿದರು: "ನನ್ನ ಪಾಪ ಹೋಯ್ತು ಅಂತಾರೆ. ಅವನು ಎಲ್ಲಿದಾನೆ? ಅವನು ಇಲ್ಲದ ಕಡೆ ನಾನು ಹೋಗಿ ಏನು ಮಾಡಲಿ?"

ಇಷ್ಟು ದಿನ ನಾವೆಲ್ಲ ಅಮ್ಮನ ರಕ್ಷಣೆಯ ಬಗ್ಗೆ ಉತ್ತರ ಕೊಡುತ್ತಿದ್ದೆವು. ಅವರ ಪ್ರಶ್ನೆ ಮಗುವಿನ ಬಗ್ಗೆ ಇತ್ತು. ನೀನು ಸ್ವರ್ಗಕ್ಕೆ ಹೋಗ್ತೀಯ ಅಂತ ಹೇಳಿದಷ್ಟೂ, ಮಗನನ್ನು ಬಿಟ್ಟು ಹೋಗ್ತೀಯ ಅಂತ ಅವರಿಗೆ ಕೇಳಿಸುತ್ತಿತ್ತು.

ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು: "ಖಂಡಿತ ದೇವರ ಹತ್ರ ಇದಾನಮ್ಮಾ." ಹೇಳಲಿಲ್ಲ. ನಾನು ಆ ಮನೆಯಲ್ಲಿ ಮಾಡಿದ ಒಳ್ಳೆಯ ಕೆಲಸ ಏನಾದರೂ ಇದ್ದರೆ ಅದೊಂದೇ. ಇಷ್ಟು ವರ್ಷ ಕಾದ ಪ್ರಶ್ನೆಗೆ ಅರ್ಧ ನಿಮಿಷದ ಉತ್ತರ ಕೊಡಬಾರದು ಅನ್ನಿಸಿತು. ಮಗುವಿಗೆ ಏನು ಹೆಸರು ಅಂದುಕೊಂಡಿದ್ದಿರಿ ಅಂತ ಕೇಳಿದೆ. ಹೇಳಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಇದನ್ನು ಫಾದರಿಗೆ, ಮಕ್ಕಳಿಗೆ ಹೇಳಬಹುದಾ ಅಂತ ಕೇಳಿದೆ. ಫಾದರಿಗೆ ನೀವು ಹೇಳಿ, ಮಕ್ಕಳಿಗೆ ನಾನೇ ಹೇಳ್ತೀನಿ ಅಂದರು.

ಫಾದರ್ ಬಂದ ದಿನ

ಫಾದರ್ ಬರುವಾಗ ಪುಸ್ತಕ ತಂದಿದ್ದರು. 1992ರ ಕಥೊಲಿಕ ಧರ್ಮೋಪದೇಶ ಗ್ರಂಥದ 1261ನೇ ಪರಿಚ್ಛೇದವನ್ನು ನಿಧಾನಕ್ಕೆ ಕನ್ನಡದಲ್ಲಿ ವಿವರಿಸಿದರು. ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಮಕ್ಕಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ. ಎಲ್ಲರೂ ಉದ್ಧಾರವಾಗಲಿ ಅನ್ನುವುದು ದೇವರ ಇಚ್ಛೆ. ಮಕ್ಕಳನ್ನು ತಡೆಯಬೇಡಿ, ನನ್ನ ಹತ್ತಿರ ಬರಲಿ ಅಂದವರು ಯೇಸುಸ್ವಾಮಿ. ಹಾಗಾಗಿ ಆ ಮಕ್ಕಳಿಗೂ ರಕ್ಷಣೆಯ ಒಂದು ದಾರಿ ಇದೆ ಅಂತ ನಾವು ಭರವಸೆ ಇಡಬಹುದು. ಇಂಥ ಮಕ್ಕಳು ಲಿಂಬೋ ಅನ್ನುವ ಜಾಗದಲ್ಲೇ ಉಳಿಯುತ್ತಾರೆ ಅಂತ ಹಿಂದೆ ಕಲಿಸುತ್ತಿದ್ದರು. ಅದು ಯಾವತ್ತೂ ಧರ್ಮಸಭೆಯ ಕಡ್ಡಾಯ ವಿಶ್ವಾಸಸತ್ಯ ಆಗಿರಲಿಲ್ಲ ಅಂದರು. 2007ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರ ಒಪ್ಪಿಗೆಯಿಂದ ಇದೇ ವಿಷಯದ ಮೇಲೆ ವ್ಯಾಟಿಕನ್ನಿನ ದೈವಶಾಸ್ತ್ರಿಗಳ ಆಯೋಗದ ಒಂದು ದೊಡ್ಡ ಬರಹ ಬಂದಿದ್ದನ್ನೂ ಹೇಳಿದರು.

ಅಮ್ಮ ಕೇಳಿದರು, "ಖಂಡಿತಾನಾ ಸ್ವಾಮಿ?"

ನನಗೆ ಎದೆ ಹೊಡೆದುಕೊಂಡಿತು. ಹೌದು ಅಂದುಬಿಡಲಿ ಅಂತ ಮನಸ್ಸಿನಲ್ಲಿ ಬೇಡಿಕೊಂಡೆ. ಫಾದರ್ ಹೇಳಿದರು: "ನಾನು ನೋಡಿ ಬಂದಿಲ್ಲಮ್ಮಾ. ಖಂಡಿತ ಅಂತ ಹೇಳೋ ಅಧಿಕಾರ ನನಗಿಲ್ಲ. ಆದರೆ ಅವನಿಗೋಸ್ಕರ ಪೂಜೆ ಇಟ್ಟು, ದೇವರ ಕೈಗೆ ಒಪ್ಪಿಸಿ, ಮತ್ತೆ ಸಿಗ್ತಾನೆ ಅಂತ ಎದುರು ನೋಡೋಕೆ ಧರ್ಮಸಭೆನೇ ನಿಮಗೆ ಹೇಳ್ತಿದೆ."

ಅಮ್ಮ ತುಂಬ ಹೊತ್ತು ಸುಮ್ಮನಿದ್ದು, "ಹಂಗಂದ್ರೆ ಸರಿ" ಅಂದರು. ನಮ್ಮ ಅಷ್ಟೂ ಖಾತ್ರಿಯ ಮಾತುಗಳು ಮಾಡದ್ದನ್ನು ಆ ಪ್ರಾಮಾಣಿಕ ಮಾತು ಮಾಡಿತು. ಸುಲಭದ ಸಮಾಧಾನವನ್ನು ಅವರು ದೂರದಿಂದಲೇ ಗುರುತು ಹಿಡಿಯುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ.

ಚೊಂಬಿನ ನೀರಿನ ಬಗ್ಗೆಯೂ ಫಾದರ್ ಮಾತಾಡಿದರು. ಪಾಪ ಮಾರಕ ಆಗಬೇಕಾದರೆ ವಿಷಯ ಗಂಭೀರವಾಗಿರಬೇಕು, ಪೂರ್ತಿ ತಿಳಿದಿರಬೇಕು, ಪೂರ್ತಿ ಮನಸ್ಸಿನಿಂದ ಮಾಡಿರಬೇಕು. ಮೂರೂ ಇರಬೇಕು. "ಆಗ ತಾನೇ ಹೆತ್ತು, ರಕ್ತ ಹೋಗಿ, ಕಣ್ಣು ಕತ್ತಲೆ ಬಂದಿರೋ ಇಪ್ಪತ್ತು ವರ್ಷದ ಹುಡುಗಿ ನೀರು ಕುಡಿದಳು. ಅವಳ ಮೇಲೆ ನಿಮಗೆ ಕರುಣೆ ಬರಲ್ವಾ?" ಅಮ್ಮ ಆಗ ಅತ್ತರು. ಆ ಹುಡುಗಿಯ ವಯಸ್ಸಿನ ಮೊಮ್ಮಗಳಿಗಾಗಿ ಅಳುವ ಹಾಗೆ ಅತ್ತರು.

ಹೊರಡುವ ಮುಂಚೆ ಫಾದರ್, ಫ್ರಾನ್ಸಿನ ಪರ ಯುದ್ಧಕ್ಕಿಳಿದು ಸೆರೆಸಿಕ್ಕ ಆರ್ಕಿನ ಸಂತ ಜೋನಳ ಮಾತು ಕಲಿಸಿದರು. 1431ರ ವಿಚಾರಣೆಯಲ್ಲಿ ನ್ಯಾಯಾಧೀಶರು ಅವಳನ್ನು ಸಿಕ್ಕಿಸಲೆಂದೇ ಕೇಳಿದರು, ನಿನ್ನಲ್ಲಿ ದೇವರ ವರಪ್ರಸಾದ ಇದೆಯಾ ಅಂತ. ಇದೆ ಅಂದರೆ ಅಹಂಕಾರ, ಇಲ್ಲ ಅಂದರೆ ತಪ್ಪೊಪ್ಪಿಗೆ. ಅವಳಿಗೆ ಆಗ ಸುಮಾರು ಹತ್ತೊಂಬತ್ತು. ಇಲ್ಲದಿದ್ದರೆ ದೇವರು ನನ್ನನ್ನು ಅದರಲ್ಲಿ ಇಡಲಿ, ಇದ್ದರೆ ಅದರಲ್ಲೇ ಕಾಪಾಡಲಿ ಅಂದಳು. ಅಮ್ಮ ಅದನ್ನು ಎರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿದರು. ಉಪದೇಶಿಯ ಶಿಷ್ಯೆ ಅಲ್ವಾ.

ಆಮೇಲೆ

ಮಕ್ಕಳಿಗೆ ಅಮ್ಮನೇ ಹೇಳಿದರು. ದೊಡ್ಡ ಮಗ ತಾನು ಮೊದಲನೆಯವನಲ್ಲ ಅಂತ ಐವತ್ತರ ಹತ್ತಿರ ತಿಳಿದುಕೊಂಡರು. ಮಗಳು ತಾಯಿಯ ತೊಡೆಯ ಮೇಲೆ ತಲೆ ಇಟ್ಟು ತನ್ನದೇ ರೀತಿಯಲ್ಲಿ ಪ್ರಾರ್ಥನೆ ಮಾಡಿದಳು. ಅಮ್ಮ ಬೇಡ ಅನ್ನಲಿಲ್ಲ.

ನವೆಂಬರ್ 2ಕ್ಕೆ ಎಲ್ಲರೂ ಊರಿಗೆ ಹೋದೆವು. ಕಳ್ಳಿಬೇಲಿ ಈಗಿಲ್ಲ, ಕಾಂಪೌಂಡ್ ಗೋಡೆ ಬಂದಿದೆ. ಮಗು ಇದ್ದ ಜಾಗ ಗೋಡೆಯ ಒಳಗೆ ಸೇರಿತೋ ಹೊರಗೇ ಉಳಿಯಿತೋ ಊರಿನ ಯಾರಿಗೂ ಹೇಳಲಾಗಲಿಲ್ಲ. ಅಮ್ಮ ಮಗನ ಹೆಗಲು ಹಿಡಿದು ಎರಡು ಸಲ ಆ ಕಡೆ ಈ ಕಡೆ ನಡೆದು ನೋಡಿದರು. ಫಾದರ್ ಗೋಡೆಯ ಎರಡೂ ಕಡೆ ತೀರ್ಥ ಚಿಮುಕಿಸಿದರು, ಹೆಸರು ಹಿಡಿದು ಪ್ರಾರ್ಥಿಸಿದರು.

ಅಮ್ಮನಿಗೆ ಎಲ್ಲ ವಾಸಿಯಾಯಿತು ಅಂತ ಹೇಳಲಾರೆ. ಮಾತ್ರೆ ನಡೆಯುತ್ತಿದೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಮತ್ತೆ ಎರಡು ವಾರ ಹಳೇ ಅನುಮಾನಗಳು ಬಂದವು. ಮಗ ಒಪ್ಪಿದ ಉತ್ತರವನ್ನೇ ಕೊಟ್ಟರು, ವೈದ್ಯರು ಡೋಸ್ ಸ್ವಲ್ಪ ಬದಲಿಸಿದರು, ಹೋಯಿತು. ಬರೀ ಮಾತ್ರೆಯಿಂದ ಇದು ಆಗುತ್ತಿರಲಿಲ್ಲ, ಮಾತ್ರೆ ಇಲ್ಲದಿದ್ದರೆ ಆ ಶುಕ್ರವಾರ ಅಮ್ಮನಿಗೆ ಬಾಯಿ ಬಿಡುವಷ್ಟು ಶಕ್ತಿಯೂ ಇರುತ್ತಿರಲಿಲ್ಲ. ಜ್ಞಾನಸ್ನಾನದ ಸುದ್ದಿ ಬಂದರೆ ಈಗಲೂ ನೀರು ಬಿತ್ತಾ ಅಂತ ಕೇಳುತ್ತಾರೆ. ಈಗ ನಾನು ನಿಂತು ಹೇಳುತ್ತೇನೆ, ಮಗು ಅತ್ತಿತಾ ನಕ್ಕಿತಾ ಅದನ್ನೂ ಹೇಳುತ್ತೇನೆ.

ಡಿಸೆಂಬರಿನ ಮೊದಲ ಶುಕ್ರವಾರ ನಾನು ಹೋದಾಗ ಮೇಜು ಆಗಲೇ ಸಿದ್ಧವಾಗಿತ್ತು. ಬಿಳಿ ಬಟ್ಟೆ, ಶಿಲುಬೆ, ಡ್ರಾಯರಿನ ಕಟ್ಟಿನಿಂದ ತೆಗೆದ ಒಂದು ಹಳದಿ ಮೇಣದಬತ್ತಿ. ಬಗ್ಗಿದ್ದರಿಂದ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅಮ್ಮ ಒಂದು ಸ್ಟೀಲ್ ಲೋಟಕ್ಕೆ ಅಕ್ಕಿ ತುಂಬಿ, ಅದರೊಳಗೆ ಬತ್ತಿಯನ್ನು ಊರಿ ನಿಲ್ಲಿಸಿದ್ದರು. ಬೆಂಕಿಪೊಟ್ಟಣ ಅವರ ಕೈಯಲ್ಲೇ ಇತ್ತು.